ಬಾಡಿಗೆಯ ಸಾಂಗುಮ

“ನೀರು ಮುಟ್ಟಬಾರದು ತಮ್ಮಾ. ಒಂದು ಹನಿನೂ,” ಎಂದ ಮಾಟಗಾರ ಮುದುಕ ಯಾಂಬುನ್. “ನಾನೂ ಮುಟ್ಟಲ್ಲ. ಸುಟ್ಟ ಶುಂಠಿ ಅಷ್ಟೇ ಊಟ. ಕೆಲಸ ಮುಗಿಯೋವರೆಗೂ ನೀನು ಇಲ್ಲೇ, ನನ್ನ ಪಕ್ಕದಲ್ಲೇ ಕೂತಿರ್ಬೇಕು.”

ಡೆಸ್ಮಂಡ್ ಗವೇರಾ ನಕ್ಕ. ರಾಜಧಾನಿ ಮೋರ್ಸ್‌ಬಿಯ ಹೊರವಲಯದಲ್ಲಿ, ಬೋಳು ಗುಡ್ಡದ ಹಿಂದೆ, ಸೆಪಿಕ್ ನದಿಯ ಸೀಮೆಯಿಂದ ವಲಸೆ ಬಂದವರ ತಗಡಿನ ಗುಡಿಸಲೊಂದರಲ್ಲಿ ಅವನು ಕೂತಿದ್ದ. ಬ್ರಿಸ್ಬೇನಿನಲ್ಲಿ ಓದಿ ಬಂದವನು, ಸರ್ಕಾರದ ವಕ್ತಾರ, ಇಡೀ ದೇಶ ರೇಡಿಯೋದಲ್ಲಿ ಅವನ ದನಿ ಕೇಳಿ ಗುರುತು ಹಿಡಿಯುತ್ತಿತ್ತು. ಅಂಥವನು ಈಗ ಹೊಗೆ ಹಿಡಿದ ಕತ್ತಲಲ್ಲಿ, ಸುಟ್ಟ ಶುಂಠಿಯ ಘಾಟಿಗೆ ಕಣ್ಣೀರು ಸುರಿಸುತ್ತ, ಹಲ್ಲಿಲ್ಲದ ಮುದುಕನೊಬ್ಬನ ಎದುರು ಮೊಣಕಾಲು ಮಡಿಸಿದ್ದ. ಅದು ಅವನಿಗೇ ತಮಾಷೆಯಾಗಿ ಕಂಡಿತ್ತು.

ಮುದುಕನ ಮುಂದೆ ಬಾಳೆಲೆಯ ಚೂರಿನಲ್ಲಿ ಅಗಿದು ಉಗಿದ ಅಡಿಕೆಯ ಕೆಂಪು ಸಿಪ್ಪೆ ಇತ್ತು. ಸೇನಾ ದಂಡನಾಯಕ ಬ್ರಿಗೇಡಿಯರ್ ಎಲಿಯಾಸ್ ಲಪಾನನ ಎಂಜಲು ಅದು. ಬ್ಯಾರಕ್ಕಿನ ಕಸ ಗುಡಿಸುವವನ ಕೈಯಿಂದ ಡೆಸ್ಮಂಡನೇ ತರಿಸಿದ್ದ. ಮುದುಕ ಅದನ್ನು ಬೆರಳಿಂದ ಮುಟ್ಟದೆ ಕಡ್ಡಿಯಿಂದ ಸರಿಸಿದ. ಆಮೇಲೆ ಕೈ ಚಾಚಿ, ಡೆಸ್ಮಂಡನ ಇಸ್ತ್ರಿ ಅಂಗಿಯೊಳಗೆ ಬೆರಳು ತೂರಿಸಿ, ಕಂಕುಳ ಬೆವರನ್ನು ಒರೆಸಿ ತೆಗೆದು ಶುಂಠಿಗೆ ಬಳಿದ.

“ಇದೇನಜ್ಜಾ, ಕಚಗುಳಿ ಇಡ್ತೀಯಾ?”

“ಯಜಮಾನ ಯಾರು ಅಂತ ಸಾಂಗುಮಕ್ಕೆ ಗೊತ್ತಾಗ್ಬೇಕಲ್ಲ. ಎಂಜಲು ದಾರಿ ತೋರಿಸುತ್ತೆ. ಬೆವರು ಮನೆ ತೋರಿಸುತ್ತೆ.” ಮುದುಕ ದನಿ ತಗ್ಗಿಸಿದ. “ನೀನು ಎದ್ದು ಹೋದ್ರೆ, ಅದು ಹಸ್ಕೊಂಡು ಅರ್ಧ ದಾರಿಯಿಂದ ಮನೆಗೇ ತಿರುಗುತ್ತೆ. ಇದು ನನ್ನ ನೆಲ ಅಲ್ಲ ತಮ್ಮಾ. ನನ್ನೂರಲ್ಲಾಗಿದ್ರೆ ನಾನೊಬ್ನೇ ತಡೀತಿದ್ದೆ. ಇಲ್ಲಿ ನಾನೂ ಬಾಡಿಗೆಯವನು, ಅದೂ ಬಾಡಿಗೆದು. ಹಿಡಿಯೋಕೆ ಇಬ್ರು ಬೇಕು.”

“ನನ್ನ ಮನೇಲಿ ಕಾವಲುಗಾರ ಇದಾನೆ, ನಾಯಿ ಇದೆ. ಬರೋದಾದ್ರೆ ಗೇಟಲ್ಲಿ ಹೆಸರು ಹೇಳಿ ಬರೋಕೆ ಹೇಳು,” ಎಂದು ಡೆಸ್ಮಂಡ್ ಎದ್ದ. ಹೊರಗೆ ಬಿಸಿಲು ಕುದಿಯುತ್ತಿತ್ತು. ಕಾರಿನ ಐಸ್ ಡಬ್ಬದಿಂದ ತಣ್ಣನೆ ಬಿಯರ್ ತೆಗೆದು, ಬಾಗಿಲಲ್ಲಿ ನಿಂತಿದ್ದ ಮುದುಕನಿಗೆ ಕಾಣುವಂತೆಯೇ ಗಟಗಟ ಕುಡಿದ. ಮುದುಕ ಅವನ ಮುಖ ನೋಡಲಿಲ್ಲ. ಏರಿಳಿಯುತ್ತಿದ್ದ ಗಂಟಲನ್ನೇ ನೋಡುತ್ತ ನಿಂತ.

ಡೆಸ್ಮಂಡನಿಗೆ ಮಾಟ ಬೇಕಿರಲಿಲ್ಲ, ಮಾಟದ ಸುದ್ದಿ ಸಾಕಿತ್ತು. ದೂರದ ದ್ವೀಪದಲ್ಲಿ ವರ್ಷಗಟ್ಟಲೆ ನಡೆದ ದಂಗೆಯನ್ನು ಅಡಗಿಸಲಾಗದೆ ಬೇಸತ್ತ ಸರ್ಕಾರ, ತನ್ನ ಸೈನ್ಯಕ್ಕೆ ಬೂಟು ಕೊಡಿಸಲು ಕಾಸಿಲ್ಲ ಎನ್ನುತ್ತಲೇ, ಹೊರದೇಶದಿಂದ ಬಾಡಿಗೆ ಸೈನಿಕರನ್ನು ಹೆಲಿಕಾಪ್ಟರುಗಳ ಸಮೇತ ತರಿಸಿತ್ತು. ಆ ವ್ಯವಹಾರ ಕುದುರಿಸಿದವರಲ್ಲಿ ಡೆಸ್ಮಂಡನೂ ಒಬ್ಬ. ಆದರೆ ಲಪಾನ್ ರೇಡಿಯೋ ಕೇಂದ್ರಕ್ಕೆ ನುಗ್ಗಿ, “ಬಾಡಿಗೆಯವರು ನಮ್ಮ ಜನದ ಮೇಲೆ ಗುಂಡು ಹಾರಿಸೋದನ್ನ ನಾನು ನೋಡ್ತಾ ಕೂರಲ್ಲ. ಅವರು ಹೋಗ್ಲಿ, ಕರೆಸಿದವರೂ ಹೋಗ್ಲಿ, ಆಮೇಲೆ ನಾನೂ ಹೋಗ್ತೀನಿ,” ಎಂದುಬಿಟ್ಟ. ಸರ್ಕಾರ ಅವನನ್ನು ವಜಾ ಮಾಡಿತು. ಅವನು ಬ್ಯಾರಕ್ಕು ಬಿಟ್ಟು ಕದಲಲಿಲ್ಲ. ಅವನ ಸೈನಿಕ ಹುಡುಗರು ಅವನ ಬಾಗಿಲಲ್ಲೇ ಮಲಗಿದರು.

ಮಂತ್ರಿಯ ಕೋಣೆಯಲ್ಲಿ ಡೆಸ್ಮಂಡ್ ಉಪಾಯ ಹೇಳಿದ್ದ. “ಗುಂಡಿಗೆ ಹೆದರದವರು ಸಾಂಗುಮಕ್ಕೆ ಹೆದರ್ತಾರೆ ಸಾರ್. ಕತ್ತಲಲ್ಲಿ ಬಂದು ಒಳಗಿನದನ್ನ ಕಿತ್ತು, ಸಾಯೋ ದಿನ ಹೇಳಿ ಹೋಗುತ್ತಂತೆ ಅದು. ನಾಯಕನ ಮೇಲೆ ಪ್ರಯೋಗ ಆಗಿದೆ ಅಂತ ಸುದ್ದಿ ಹಬ್ಬಿದ್ರೆ ಸಾಕು, ಎರಡು ದಿನಕ್ಕೆ ಬ್ಯಾರಕ್ಕು ಖಾಲಿ.”

“ನೀನು ಇದನ್ನೆಲ್ಲ ನಂಬ್ತೀಯೇನಯ್ಯಾ?”

“ನಂಬೋದು ಅವರ ಕೆಲಸ ಸಾರ್. ನನ್ನದಲ್ಲ.”

“ಖರ್ಚು?”

“ಹೆಲಿಕಾಪ್ಟರಿಗಿಂತ ಕಮ್ಮಿ.”

ಮಂತ್ರಿ ಹೊಟ್ಟೆ ಕುಣಿಸಿ ನಕ್ಕಿದ್ದ. ಲಪಾನ್ ಬಿದ್ದರೆ ಡೆಸ್ಮಂಡನಿಗೆ ಕ್ಯಾಬಿನೆಟ್ ದರ್ಜೆ. ಲಪಾನ್ ಗೆದ್ದರೆ ಸರ್ಕಾರದ ಜೊತೆಗೆ ಅವನೂ ಬೀದಿಗೆ. ಮಾತು ಅಷ್ಟು ಸರಳವಾಗಿತ್ತು.

ಸುದ್ದಿ ಹಬ್ಬಿತು. ಮಾರುಕಟ್ಟೆಯಲ್ಲಿ ಅಡಿಕೆ ಮಾರುವ ಹೆಂಗಸರು ಬ್ಯಾರಕ್ಕಿನ ಕಡೆ ಬೆನ್ನು ಮಾಡಿ ಕೂತರು. ಆದರೆ ಹುಡುಗರು ಓಡಲಿಲ್ಲ. ಮರುದಿನ ಮಧ್ಯಾಹ್ನ ಡೆಸ್ಮಂಡ್ ಕೊನೆಯ ಎಚ್ಚರಿಕೆ ಕೊಡುವ ನೆಪದಲ್ಲಿ ತಾನೇ ಹೋದ, ಭಯ ಎಷ್ಟು ನಾಟಿದೆ ಅಂತ ನೋಡಲು. ಲಪಾನ್ ಮಾವಿನ ಮರದ ಕೆಳಗೆ ಬನಿಯನ್ನಿನಲ್ಲಿ ಕೂತು, ತನ್ನ ಹುಡುಗರ ಜೊತೆ ಒಂದೇ ಪಾತ್ರೆಯಿಂದ ಟಿನ್ ಮೀನು, ಅನ್ನ ತಿನ್ನುತ್ತಿದ್ದ.

“ಬಾರಪ್ಪಾ ರೇಡಿಯೋ. ಊಟ ಮಾಡ್ತೀಯಾ? ನಮ್ದು ಬಾಡಿಗೆಯವರ ಊಟದಷ್ಟು ಚೆನ್ನಾಗಿರಲ್ಲ,” ಎಂದ. ಹುಡುಗರು ಕಿಸಕ್ಕನೆ ನಕ್ಕರು.

“ಜನ ಏನೇನೋ ಮಾತಾಡ್ತಿದ್ದಾರೆ ಬ್ರಿಗೇಡಿಯರ್. ನಿಮ್ಮ ಆರೋಗ್ಯ ನೋಡ್ಕೊಳ್ಳಿ.”

ಲಪಾನ್ ಬೆರಳು ನೆಕ್ಕಿ ತಲೆಯೆತ್ತಿದ. ಅವನ ನೋಟದಲ್ಲಿ ಭಯ ಇರಲಿಲ್ಲ. ಬೂಟಿಗೆ ಮೆತ್ತಿದ್ದನ್ನು ನೋಡುವ ನೋಟ ಅದು. “ನನ್ನ ಎಂಜಲು ಹೋಗಿರೋದು ನಂಗೊತ್ತು. ಕಸ ಗುಡಿಸೋನು ಅತ್ತುಕೊಂಡು ಬಂದು ಹೇಳಿದ. ಯಾರನ್ನ ಕರೆಸಿದೀಯಾ?”

“ನಾನಾ?”

“ಸೆಪಿಕ್ ಕಡೆಯವನು ತಾನೇ? ಅವನ ಜೊತೆ ಕೂತಿದ್ಯಾ? ಬಾಯಿ ಒಣಗಿಲ್ವಲ್ಲ ನಿಂದು.” ಲಪಾನ್ ಸ್ವಲ್ಪ ಹೊತ್ತು ಅವನ ತೇವ ತುಟಿಗಳನ್ನೇ ನೋಡಿದ. ನಗು ಇಳಿಯಿತು. “ಅಯ್ಯೋ ಮೂರ್ಖ. ನೀವು ಎಲ್ಲವನ್ನೂ ದುಡ್ಡು ಕೊಟ್ಟು ಕರೆಸ್ತೀರಿ, ಅದರ ಜೊತೆ ಕೂರೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಆ ಬಿಳಿಯರೂ ಹಾಗೇನೇ. ಕೊಲ್ಲು ಅಂದ್ರೆ ಕೊಲ್ತಾರೆ. ಸಾಕು ಅಂದಾಗ ಯಾರ ಮಾತು ಕೇಳ್ತಾರೆ? ಹೋಗು, ಈಗ್ಲೇ ಹೋಗಿ ಆ ಮುದುಕನ ಪಕ್ಕ ಕೂತ್ಕೋ. ಇದು ನನ್ನ ಸಲುವಾಗಿ ಹೇಳ್ತಿರೋದಲ್ಲ.”

“ನೀವು ಹೆದರಿದೀರಿ,” ಎಂದ ಡೆಸ್ಮಂಡ್.

“ನಿನ್ನ ಬಗ್ಗೆ,” ಎಂದು ಲಪಾನ್ ಮತ್ತೆ ಅನ್ನಕ್ಕೆ ಕೈ ಹಾಕಿದ.

ಆ ರಾತ್ರಿಯೇ ಲಪಾನನ ಹುಡುಗರು ಬಾಡಿಗೆ ಸೈನಿಕರನ್ನು ನಿದ್ದೆಯಿಂದ ಎಬ್ಬಿಸಿ, ಚಡ್ಡಿಯಲ್ಲೇ ಕೈಕಟ್ಟಿ, ವಿಮಾನ ಹತ್ತಿಸಲು ಸಾಲು ನಿಲ್ಲಿಸಿದರು. ವಿದ್ಯಾರ್ಥಿಗಳು ಪಾರ್ಲಿಮೆಂಟಿನ ಬೇಲಿ ಅಲುಗಾಡಿಸಿದರು. ಮಂತ್ರಿ ಫೋನಿನಲ್ಲಿ ಒದರಿದ: “ನಾಳೆ ಸಂಜೆ ರೇಡಿಯೋದಲ್ಲಿ ನೀನೇ ಮಾತಾಡು. ಬ್ಯಾರಕ್ಕು ಬಿಟ್ಟು ಬಂದವರಿಗೆ ಕ್ಷಮೆ, ಉಳಿದವರಿಗೆ ನೇಣು. ನಿನ್ನ ಗಂಟಲಿಂದ್ಲೇ ಇಲ್ಲಿವರೆಗೂ ಬಂದಿದೀಯಾ. ಅದರಿಂದ್ಲೇ ನಮ್ಮನ್ನ ಉಳಿಸು.”

ಮನೆಯಲ್ಲಿ ಹೆಂಡತಿ ಬೋಯೋ ಬಾಗಿಲಲ್ಲೇ ತಡೆದಳು. “ಒಳಗೆ ಏನು ತಂದಿದೀಯಾ? ಅಡುಗೆಮನೆ ತುಂಬ ಶುಂಠಿ ವಾಸನೆ. ಮನೇಲಿ ಒಂದು ಚೂರೂ ಶುಂಠಿ ಇಲ್ಲ.”

“ಪಕ್ಕದ ಮನೆಯವರದ್ದಿರ್ಬೇಕು.”

“ನಾಯಿ ನೋಡು.”

ನಾಯಿ ಅಂಗಳದ ಆಚೆ ತುದಿಯಲ್ಲಿ ಹೊಟ್ಟೆ ನೆಲಕ್ಕೊತ್ತಿ ಮಲಗಿತ್ತು. ಬೊಗಳಲಿಲ್ಲ. ಡೆಸ್ಮಂಡ್ ಕರೆದರೆ ಅವನ ಕಡೆ ನೋಡಲಿಲ್ಲ; ಅವನ ಹೆಗಲ ಹಿಂದೆ ಯಾರನ್ನೋ ನೋಡಿ ಬಾಲ ಮುದುರಿತು. ಬೋಯೋ ಅತ್ತಳು, ಬೈದಳು, ಯಾರನ್ನು ಕರೆಸಿದೆ ಹೇಳು ಎಂದು ಅಂಗಿ ಹಿಡಿದು ಜಗ್ಗಿದಳು. ಕೊನೆಗೆ ಅವನು ತಮಾಷೆಯಂತೆ ಹೇಳಿದ. ಹೇಳುವಾಗ ತನ್ನ ದನಿ ತೆಳ್ಳಗಾದದ್ದು ಅವನಿಗೇ ಕೇಳಿಸಿತು.

“ಹೋಗಿ ಕೂತ್ಕೋ,” ಎಂದಳು ಬೋಯೋ. “ಕಾಲಿಗೆ ಬೀಳ್ತೀನಿ, ಹೋಗಿ ಕೂತ್ಕೋ.”

“ನೀನೂ ಕಾಡುಜನರ ಹಾಗೆ ಮಾತಾಡ್ಬೇಡ,” ಎಂದು ಅವನು ಒಂದು ಲೋಟ ನೀರು ಕುಡಿದ. ನೀರಲ್ಲಿ ಹೊಗೆಯ ರುಚಿ ಬಂತು.

ರೇಡಿಯೋ ಕೇಂದ್ರದ ಧ್ವನಿಮುದ್ರಣ ಕೋಣೆಗೆ ಹೋಗುವ ಓಣಿಗೆ ಕಿಟಕಿಗಳಿರಲಿಲ್ಲ. ಮರುದಿನ ಸಂಜೆ ಡೆಸ್ಮಂಡ್ ಅಲ್ಲಿಗೆ ಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಬೀದಿಯ ಕೂಗು ದಪ್ಪ ಗೋಡೆ ದಾಟಿ ಗುಂಯ್‌ಗುಡುತ್ತಿತ್ತು. ಭಾಷಣ ಅವನಿಗೆ ಬಾಯಿಪಾಠವಾಗಿತ್ತು. ಓಣಿಯ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

ಕಪ್ಪು. ಕಣ್ಣ ಮುಂದೆ ಹಿಡಿದ ಕೈಯೂ ಕಾಣದಂಥ ಕಪ್ಪು.

“ಯಾರಾದ್ರೂ ಜನರೇಟರ್ ಹಾಕ್ರಪ್ಪಾ,” ಎಂದು ಕೂಗಿದ. ಓಣಿ ಮಾತನ್ನು ನುಂಗಿಕೊಂಡಿತು.

ಮೊದಲು ಬಂದದ್ದು ವಾಸನೆ. ಸುಟ್ಟ ಶುಂಠಿ. ಅದರ ಕೆಳಗೆ ನದಿಯ ಕೆಸರು, ಕೊಳೆತ ಎಲೆ, ಒದ್ದೆ ತುಪ್ಪಳ. ಆಮೇಲೆ ಸದ್ದು. ಅವನು ಉಸಿರು ಎಳೆದಾಗ ಹಿಂದೆಯೂ ಯಾರೋ ಎಳೆದರು. ಅವನು ತಡೆದ. ಅದು ತಡೆಯಲಿಲ್ಲ.

“ನಾನಲ್ಲ,” ಎಂದ ಡೆಸ್ಮಂಡ್. “ಲಪಾನ್. ಬ್ಯಾರಕ್ಕಿನಲ್ಲಿದಾನೆ. ಅಲ್ಲಿಗೆ ಹೋಗು.”

ಕಂಕುಳಲ್ಲಿ ಒಂದು ಬೆರಳು ಆಡಿತು. ತಣ್ಣಗೆ. ಗುರುತು ಹಿಡಿದಂತೆ.

ಅವನು ಓಡಿದ. ಗೋಡೆಗೆ ಬಡಿದ. ಬಾಗಿಲು ತಡವಿದ. ಬಾಗಿಲಿರಲಿಲ್ಲ. ಗೋಡೆ ಒದ್ದೆಯಾಗಿತ್ತು. ಗೋಡೆ ಬೆಚ್ಚಗಿತ್ತು. ಕೈ ತೆಗೆದ. ಕೈಗೆ ತುಪ್ಪಳ ಅಂಟಿತ್ತು. ಕೂಗಲು ಬಾಯಿ ತೆರೆದ. ತೆರೆದ ಬಾಯೊಳಗೆ ಏನೋ ನುಸುಳಿತು. ಮುಳ್ಳು. ಇನ್ನೊಂದು ಮುಳ್ಳು. ನಾಲಿಗೆ ಅಡ್ಡಕ್ಕೆ ಹೊಲಿದುಕೊಂಡಿತು. ನೋವಿರಲಿಲ್ಲ. ಅದೇ ಭಯಂಕರ. ಪಕ್ಕೆಯ ಕೆಳಗೆ ಚರ್ಮ ತೆರೆಯಿತು, ಮೆಲ್ಲಗೆ, ಚೀಲದ ಬಾಯಿ ತೆರೆದಂತೆ. ಒಂದು ಕೈ ಒಳಗೆ ಹೋಯಿತು. ಹುಡುಕಿತು. ಆರಿಸಿತು. ತೆಗೆಯಿತು. ಪಕ್ಕದಲ್ಲೇ ಕೂತು ಅಗಿಯುವ ಸದ್ದು. ಹಸಿದವರು ಅಗಿಯುವ ಸದ್ದು. ಕೊನೆಗೆ ತೆರೆದದ್ದು ಮುಚ್ಚಿತು. ಕಿವಿಯ ಹತ್ತಿರ ಉಸಿರು ಬಂತು. ಒಂದು ದಿನದ ಹೆಸರು ಹೇಳಿತು.

ದೀಪ ಬಂತು.

ಡೆಸ್ಮಂಡ್ ಮೈಕಿನ ಎದುರು ಕೂತಿದ್ದ. ಹೇಗೆ ಬಂದನೋ. ಅಂಗಿ ಇಸ್ತ್ರಿ ಮುರಿದಿರಲಿಲ್ಲ. ಪಕ್ಕೆ ಮುಟ್ಟಿ ನೋಡಿಕೊಂಡ, ಗೀರೂ ಇರಲಿಲ್ಲ. ಗಾಜಿನ ಆಚೆ ತಂತ್ರಜ್ಞ ಬೆರಳೆತ್ತಿ ಸನ್ನೆ ಮಾಡಿದ. ಕೆಂಪು ದೀಪ ಹೊತ್ತಿತು.

ಇಡೀ ದೇಶ ಕಾಯಿತು. ಬ್ಯಾರಕ್ಕಿನ ಮಾವಿನ ಮರದ ಕೆಳಗೆ ಹುಡುಗರು ರೇಡಿಯೋ ಸುತ್ತ ಕೂತು ಕಾದರು. ಮಂತ್ರಿ ತನ್ನ ಕೋಣೆಯಲ್ಲಿ ಪರದೆ ಎಳೆದು ಕಾದ. ರೇಡಿಯೋದಿಂದ ಬಂದದ್ದು ಉಸಿರು ಮಾತ್ರ, ಒಬ್ಬರದಲ್ಲ, ಇಬ್ಬರದು ಎಂದು ಕೇಳಿದವರು ಈಗಲೂ ಹೇಳುತ್ತಾರೆ. ನಡುವೆ ಒಮ್ಮೆ ಬಾಯಲ್ಲಿ ಕಲ್ಲಿಟ್ಟುಕೊಂಡವನ ಗೊಗ್ಗರು ದನಿ. ಬ್ಯಾರಕ್ಕಿನಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಲಪಾನ್ ನಗಲಿಲ್ಲ. ಎದ್ದು ಹೋಗಿ ರೇಡಿಯೋ ಆರಿಸಿದ.

ಮರುದಿನ ಸರ್ಕಾರ ಇಳಿಯಿತು. ಮಂತ್ರಿ ಹಿಂಬಾಗಿಲಿಂದ ಹೋದ. ಹೋಗುವ ಮುಂಚೆ ಪತ್ರಿಕೆಯವರಿಗೆ, ಇದೆಲ್ಲ ವಕ್ತಾರನ ಕಿತಾಪತಿ, ನನಗೇನೂ ಗೊತ್ತಿಲ್ಲ ಎಂದ. ಬಾಡಿಗೆ ಸೈನಿಕರು ತಮ್ಮ ತಮ್ಮ ದೇಶಕ್ಕೆ ಹಾರಿದರು. ಬೋಯೋ ಗುಡ್ಡದ ಹಿಂದಿನ ಗುಡಿಸಲಿಗೆ ಓಡಿ ಹೋದಾಗ ಯಾಂಬುನ್ ಕೂಡ ಗಂಟುಮೂಟೆ ಕಟ್ಟಿ ಸೆಪಿಕ್ಕಿಗೆ ಹೊರಟುಹೋಗಿದ್ದ. ಕೆಲಸ ಮುಗಿದಿತ್ತಲ್ಲ.

ವೈದ್ಯರು ನಾಲಿಗೆ ಊದಿದೆ, ಇಳಿಯುತ್ತದೆ ಎಂದರು. ಡೆಸ್ಮಂಡ್ ಆ ದಿನ ಬರೆಯಲು ಪೆನ್ನು ಹಿಡಿದರೆ ಬೆರಳುಗಳು ಬೇರೆಯವರವಂತೆ ಸುಮ್ಮನೆ ಬಿದ್ದಿರುತ್ತಿದ್ದವು.

ಒಂದು ಮಧ್ಯಾಹ್ನ ಲಪಾನ್ ಬಂದ. ಮಾತು ಉಳಿಸಿಕೊಂಡು ಅವನೂ ಬ್ಯಾರಕ್ಕು ಬಿಟ್ಟಿದ್ದ. ಚಪ್ಪಲಿ, ಹಳೆ ಅಂಗಿ ಹಾಕಿಕೊಂಡಿದ್ದ. ಜಗುಲಿಯಲ್ಲಿ ಡೆಸ್ಮಂಡನ ಎದುರು ಕುಕ್ಕರುಗಾಲಲ್ಲಿ ಕೂತು, ಬೋಯೋಗೆ ಕೇಳಿಸದಂತೆ ಮೆಲ್ಲಗೆ ಕೇಳಿದ.

“ದಿನ ಹೇಳಿದೆ ಅಲ್ವಾ ಅದು?”

ಡೆಸ್ಮಂಡನ ಕಣ್ಣು ತುಂಬಿತು. ಹೌದೆನ್ನಲು ತಲೆ ಅಲುಗಲಿಲ್ಲ.

“ಗುರುವಾರಾನಾ? ಶುಕ್ರವಾರಾನಾ?” ಲಪಾನ್ ಒಂದೊಂದೇ ದಿನ ಹೆಸರಿಸಿ ಮುಖ ಹುಡುಕಿದ. ಆ ಮುಖ ಯಾವ ದಿನಕ್ಕೂ ಮಿಸುಕಲಿಲ್ಲ. ಅವನು ನಿಟ್ಟುಸಿರಿಟ್ಟು ಎದ್ದ. “ನಿನ್ನ ಮೇಲೆ ಉಗಿಯೋಣ ಅಂತಾನೇ ಬಂದೆ ಕಣಯ್ಯಾ. ಉಗಿಯೋಕೂ ಏನೂ ಉಳಿದಿಲ್ಲ,” ಎಂದು ಗೇಟು ದಾಟಿ ಹೋದ.

ಬೋಯೋ ಗೆಣಸಿನ ಬುಟ್ಟಿ ಹಿಡಿದು ಬಂದು ಗಂಡನ ಪಕ್ಕ ಕೂತಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. “ಊತ ಇಳೀತಿದೆ ನೋಡು. ಇವತ್ತು ಗಂಜಿ ಪೂರ್ತಿ ಕುಡ್ದೆ. ಬರೋ ಭಾನುವಾರ ಹಂದಿ ಕಡಿದು ಎಲ್ಲರನ್ನೂ ಊಟಕ್ಕೆ ಕರೆಯೋಣ. ದೊಡ್ಡಪ್ಪನ ಮನೆಯವರು ಬರ್ಲಾ?”

ಅದಕ್ಕೆ ಡೆಸ್ಮಂಡನ ತಲೆ ಅಲುಗಿತು, ಹೌದೆಂದು.

“ಹನುವಾಬಾದದ ಅಕ್ಕ? ನಿನ್ನ ತಮ್ಮಂದಿರು? ಪಾದ್ರಿಗಳನ್ನೂ ಕರೆಯೋಣ ಅಲ್ವಾ?”

ಒಂದೊಂದು ಹೆಸರಿಗೂ ಅವನು ತಲೆಯಾಡಿಸಿದ. ಅದು ಹೇಳಿದ್ದ ಶನಿವಾರದ ಸುದ್ದಿ ಕೇಳಿ ಅವರೆಲ್ಲ ಹೇಗಿದ್ದರೂ ಬರುವವರೇ.