ದಿನಕ್ಕೊಂದು ತಾಸು

"ಮೊದಲ ಆ ಮೋಟರ್ ಬಂದ್ ಮಾಡ್ರಿ..."

ತ್ರಿಶಲಾ ಕೂಗಿದಳು. ಉಗಾರ ಬುದ್ರುಕದ ತೋಟದಲ್ಲಿ, ದನಗಳಿಗೆಂದು ಅವಳ ಅಜ್ಜ ತೋಡಿಸಿದ್ದ ಆಳವಾದ ಹೊಂಡದ ತುಂಬ ಸತ್ತ ಮೀನುಗಳು ತೇಲುತ್ತಿದ್ದವು. ದಂಡೆಯ ಮೇಲೆ ಮೊಣಕಾಲವರೆಗೆ ಒದ್ದೆಯಾದ ಯುವಕನೊಬ್ಬ ಮೋಟರಿನಿಂದ ಹೊಂಡದ ನೀರನ್ನೇ ಎತ್ತಿ ಮತ್ತೆ ಹೊಂಡಕ್ಕೇ ಚಿಮ್ಮಿಸುತ್ತಿದ್ದ. ಕೊಳೆತ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಅವನು ತಿರುಗಿದ. ಫೋಟೋದಲ್ಲಿ ಕಂಡ ಮುಖವೇ! ಅಥಣಿಯ ನಿತಿನ... ಮೋಟರು, ಪೈಪಿನ ಕೆಲಸದವನು, ಮನೆಯವರು ನೋಡಿದ ವರ. ಸಂಜೆಯೊಳಗೆ ಅವಳು ಹೂಂ ಅಥವಾ ಊಹೂಂ ಹೇಳಬೇಕಿತ್ತು.

"ತಳದ ಹೊಲಸ ನೀರ ಕಲಕಿ ನೀವ ಕೊಂದ್ರಿ ಇವನ್ನ. ನಮ್ಮ ಅಜ್ಜ ಒಂದ ಮೀನಾ ಯಾರಿಗೂ ಹಿಡ್ಯಾಕ ಬಿಟ್ಟಿಲ್ಲ, ಗೊತ್ತೈತೇನ್ರಿ?"

ನಿತಿನ ಬಾಯಿ ತೆರೆದ. ಅವಳ ಹಿಂದೆ ಬರುತ್ತಿದ್ದ ಅಜ್ಜ ಬಾಪುಸಾಹೇಬರನ್ನು ಕಂಡು ಸುಮ್ಮನಾದ.

"ಮೋಟರ್ ಇನ್ನೊಂದ ತಾಸ ನಡೀಲ್ರಿ," ಎಂದಷ್ಟೇ ಹೇಳಿ ಹೊರಟುಹೋದ.

'ತಪ್ಪಿಲ್ಲದಿದ್ದರೆ ಹೇಳುತ್ತಿರಲಿಲ್ಲವೇ?' ಮನೆಗೆ ಬಂದವಳೇ "ನಾ ಒಲ್ಲೆ" ಅಂದುಬಿಟ್ಟಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜನ ತುತ್ತು ಬಾಯಿಗೆ ಹೋಗಲಿಲ್ಲ.

"ಅವನ ಮ್ಯಾಲ ಹಾಕಬ್ಯಾಡವಾ... ತಪ್ಪ ನಂದು."

ದೀಪಾವಳಿಗೆ ಮುಂಚೆ ನಿತಿನ ಹೊಂಡದೊಳಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದನಂತೆ. ಬಿಸಿಲಿಗೆ ಮೇಲಿನ ನೀರು ಬೆಚ್ಚಗೆ, ಹಗುರ. ತಳದ್ದು ತಣ್ಣಗೆ, ಭಾರ. ಎರಡೂ ಬೆರೆಯುವುದಿಲ್ಲ. ಗಾಳಿ ಸೋಕದ ತಳದ ನೀರು ಒಳಗೇ ಕೆಡುತ್ತದೆ. ಚಳಿ ಬಿದ್ದಾಗ ಮೇಲಿನದು ತಣಿದು ಇಳಿಯುತ್ತದೆ, ಕೆಟ್ಟದ್ದು ಒಮ್ಮೆಲೇ ಮೇಲೇಳುತ್ತದೆ, ಮೀನಿಗೆ ಉಸಿರು ಸಿಗುವುದಿಲ್ಲ. ದಿನಾ ಒಂದು ತಾಸು ಹಚ್ಚಿ ಸ್ವಲ್ಪ ಸ್ವಲ್ಪವೇ ಬೆರೆಸಿರೆಂದು ಮೋಟರನ್ನೂ ಕೂಡಿಸಿ ಹೋಗಿದ್ದ.

"ನಾನ ಹಚ್ಚಲಿಲ್ಲ. ಸಣ್ಣ ಮರಿ ಅದರಾಗ ಸಿಕ್ಕ ಸತ್ತರ ಪಾಪ ಅಂತ ಬಿಟ್ಟೆ. ಥಂಡಿ ನೋಡಿ ಅವನ ಓಡಿ ಬಂದ, ನೀರ ಗಾಳಿಗೆ ಚಿಮ್ಮಿಸಿ ಉಳದ ಮೀನ ಉಳಿಸ್ದ. ನನ್ನ ಮಾರಿ ನೋಡಿ ಬಾಯಿ ಮುಚ್ಚಕೊಂಡ."

ತ್ರಿಶಲಾಳ ಕಣ್ಣು ತುಂಬಿ ಬಂತು. ಎಷ್ಟು ಮಾತು ಆಡಿಬಿಟ್ಟೆ... ಗೋಡೆಯ ಗೂಟಕ್ಕೆ, ಸಣ್ಣ ಹುಳವೂ ಸಾಯಬಾರದೆಂದು ದಿನಾ ಕುಡಿಯುವ ನೀರು ಸೋಸುವ ಬಟ್ಟೆ ತೂಗುತ್ತಿತ್ತು. ಅದನ್ನು ನೋಡಿದವಳೇ ಹಳೆಯ ಸೊಳ್ಳೆಪರದೆ ಹುಡುಕಿ, ಹೊಲಿಗೆ ಮಷಿನ್ ಮುಂದೆ ಕೂತಳು. ಆಮೇಲೆ ನಿತಿನನಿಗೆ ಫೋನ್ ಮಾಡಿದಳು.

ಹೊತ್ತು ಇಳಿಯುವಾಗ ಅವನು ಹೊಂಡಕ್ಕೆ ಬಂದ. ಅವಳು ಪರದೆಯ ದೊಡ್ಡ ಚೀಲವೊಂದನ್ನು ಚಾಚಿದಳು.

"ಮೋಟರಿನ ಬಾಯಿಗೆ ಇದನ್ನ ಕಟ್ರಿ. ಒಂದ ಮರಿನೂ ಒಳಗ ಹೋಗಂಗಿಲ್ಲ."

ಅವನು ಚೀಲವನ್ನು ಬೆಳಕಿಗೆ ಹಿಡಿದು ನೋಡಿದ. "ಇದು ನನಗ ಹೊಳೀಲೇ ಇಲ್ಲ ನೋಡ್ರಿ."

"ಮುಂಜಾನೆ ಯಾಕ ಸುಮ್ಮನಾದ್ರಿ?"

"ನಿಮ್ಮ ಸಿಟ್ಟ ಇಳೀತಿತ್ರಿ. ಅಜ್ಜಾರದ ತಪ್ಪ ಅಂತ ನಾ ಅಂದಿದ್ರ, ಆ ಮಾತ ಅವರ ಎದಿಯಾಗ ಉಳೀತಿತ್ತು."

ಇವನನ್ನೇ ಒಲ್ಲೆ ಅಂದಿದ್ದಳು! ಇಬ್ಬರೂ ಸೇರಿ ಚೀಲ ಕಟ್ಟಿದರು. ಮೋಟರ್ ಶುರುವಾಯಿತು.

"ದಿನಾ ಒಂದ ತಾಸ ಅಂದಿದ್ರಲ್ಲ?"

"ಹೌದ್ರಿ."

"ಹಂಗ ನೀವೂ ಎಲ್ಲಾ ಒಳಗ ಇಟ್ಟಕೋಬ್ಯಾಡ್ರಿ. ದಿನಾ ಒಂದ ತಾಸ ನನ್ನ ಕೂಡ ಮಾತಾಡ್ರಿ."

ನಿತಿನ ಅವಳ ಮುಖವನ್ನೇ ನೋಡಿದ. "ಲಗ್ನ ಆದ ಮ್ಯಾಲೂ...?"

"ಆದ ಮ್ಯಾಲೂ," ಅಂದಳು ತ್ರಿಶಲಾ.