ಮುಮ್ತಾಜ್ ಬೇಗಂ ಮನೆಯ ಟೀ

ಟ್ರಂಕಿನ ಬೀಗ ಮುರಿದಿರಲಿಲ್ಲ. ಟೇಪ್‌ರೆಕಾರ್ಡರ್ ಇದ್ದಲ್ಲೇ ಇತ್ತು. ಬೀಡಿ ಕಟ್ಟುವ ಹೆಂಗಸರ ಮಾತು ತುಂಬಿದ್ದ ಕ್ಯಾಸೆಟ್ಟುಗಳು ಮಾತ್ರ ಮಾಯವಾಗಿದ್ದವು.

ಅದು ಎಂಬತ್ತನಾಲ್ಕರ ಬೇಸಿಗೆ. ಸಮಾಜಕಾರ್ಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಶಮ್ಶುನ್ನೀಸಾ ಅಜ್ಜಂಪುರದ ಬಾಡಿಗೆ ಕೋಣೆಯಲ್ಲಿ ಕುಸಿದು ಕೂತಿದ್ದಳು. ಆ ಮಾತುಗಳಿಲ್ಲದೆ ಪ್ರಬಂಧವಿಲ್ಲ. ಪ್ರಬಂಧವಿಲ್ಲದೆ ಸಂಶೋಧನೆಯ ಬದುಕೇ ಇಲ್ಲ. ದೂರು ಕೇಳಿ ಬಂದ ಸಬ್‌ಇನ್ಸ್‌ಪೆಕ್ಟರ್ ತೀರ್ಥಪ್ಪನಿಗೆ ಮೈ ಉರಿಯಿತು.

ಊರೆಲ್ಲ ಬೀಡಿ ಕಂಟ್ರಾಕ್ಟರ್ ಮುಕ್ತಿಯಾರ್‌ನತ್ತ ಬೆರಳು ಮಾಡಿತು. ಹೆಂಗಸರು ಕೂಲಿಯ ಬಗ್ಗೆ ಬಾಯಿಬಿಟ್ಟರೆಂದು ಅವನು ಕೆಂಡವಾಗಿದ್ದ.

"ಬಾಯಿ ಮುಚ್ಚಿಸ್ಬೇಕಂದ್ರೆ ಬೀಡಿ ಎಲೆ ಕೊಡೋದು ನಿಲ್ಲಿಸ್ತೀನಿ ಸಾರ್. ಕದಿಯೋ ಕರ್ಮ ನಂಗ್ಯಾಕೆ?" ಎಂದ.

ಕಪಾಳಕ್ಕೆ ಬಿಡಬೇಕೆನಿಸಿತು ತೀರ್ಥಪ್ಪನಿಗೆ. ಆದರೆ ಮಾತು ನಿಜವಾಗಿತ್ತು.

* * *

ಕೀಲಿ ಎಲ್ಲಿಡುತ್ತೀ ಎಂದು ತೀರ್ಥಪ್ಪ ಕೇಳಿದ. ಗೋಡೆಯ ಗೂಡಿನಲ್ಲಿ ಎಂದಳು ಶಮ್ಶುನ್ನೀಸಾ. ತಾನು ಹಬ್ಬಕ್ಕೆ ತರೀಕೆರೆಗೆ ಹೋಗುವ ಮುಂಚೆ ಗೈಡ್ ಪ್ರೊಫೆಸರ್ ಬಸವರಾಜಪ್ಪನವರು ಕೆಲಸ ನೋಡಲು ಬಂದಿದ್ದರು, ಅವರೆದುರೇ ಕೀಲಿ ತೆಗೆದು ಟ್ರಂಕು ತೆರೆದಿದ್ದೆ, ಹಬ್ಬ ಮುಗಿಸಿ ಬಂದಾಗ ಕ್ಯಾಸೆಟ್ಟುಗಳಿರಲಿಲ್ಲ ಎಂದಳು. ಅನುಮಾನದ ಮಾತಿಗೆ ಅವಳ ನಾಲಿಗೆ ಏಳಲಿಲ್ಲ. ಗುರುವಲ್ಲವೇ!

* * *

ಭಾನುವಾರ ಕಡೂರಿನಲ್ಲಿ ವಿಚಾರಗೋಷ್ಠಿ. ಬೀಡಿ ಕಾರ್ಮಿಕರ ಬಗ್ಗೆ ಬಸವರಾಜಪ್ಪನವರ ಭಾಷಣ. ತೀರ್ಥಪ್ಪ ಮಫ್ತಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಶಮ್ಶುನ್ನೀಸಾ, ಟೇಪಿನ ಮಾತು ಬಂದರೆ ಗುರುತಿಸಲೆಂದು ಕರೆತಂದಿದ್ದ ಬೀಡಿ ಕಟ್ಟುವ ಮಹಬೂಬ್ ಬಿ.

"ಅಜ್ಜಂಪುರದ ಮುಮ್ತಾಜ್ ಬೇಗಂ ಮನೆಯಲ್ಲಿ ನಾನೇ ಕೂತು ಟೀ ಕುಡಿದೆ. ಆಕೆ ಕಣ್ಣೀರಿಟ್ಟು ಹೇಳಿದಳು..." ಎಂದರು ಬಸವರಾಜಪ್ಪ.

ಶಮ್ಶುನ್ನೀಸಾ ಬಿಳಿಚಿಕೊಂಡು ತೀರ್ಥಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅವನು ಮಹಬೂಬ್ ಬಿಯ ಒಪ್ಪಿಗೆ ಕೇಳಿ, ಎದ್ದು ಆಕೆಯನ್ನು ತೋರಿಸಿದ.

"ಸಾರ್, ಈ ಅಮ್ಮನ ಗುರುತು ಸಿಗುತ್ತಾ?"

"ಇಲ್ಲಪ್ಪ. ಯಾರೀಕೆ?"

"ನಿಮಗೆ ಟೀ ಕೊಟ್ಟ ಮುಮ್ತಾಜ್ ಬೇಗಂ."

ತೀರ್ಥಪ್ಪ ಬಿಡಿಸಿ ಹೇಳಿದ. ಸಂಶೋಧಕರು ಮಾತಾಡಿದವರ ನಿಜ ಹೆಸರು ಬಯಲು ಮಾಡಬಾರದು. ಹಾಗಾಗಿ ಇಷ್ಟದ ಹೆಸರಿಟ್ಟುಕೊಳ್ಳಿ ಎಂದು ಶಮ್ಶುನ್ನೀಸಾ ಹೆಂಗಸರಿಗೆ ಹೇಳಿದ್ದಳು. ಮಹಬೂಬ್ ಬಿ ನಕ್ಕು ರಾಣಿಯ ಹೆಸರನ್ನೇ ಆರಿಸಿದ್ದಳು. ಆ ಹೆಸರಿದ್ದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ಶಮ್ಶುನ್ನೀಸಾ ಇನ್ನೂ ಯಾರಿಗೂ ಕೇಳಿಸಿರಲಿಲ್ಲ. ಕದ್ದು ಕೇಳಿದವರು ನಿಜವೆಂದು ನಂಬಿ, ಹೋಗದ ಮನೆಯಲ್ಲಿ ಟೀ ಕುಡಿದಿದ್ದರು. ತರಗತಿಯಲ್ಲಿ ಈ ನಿಯಮ ಕಲಿಸಿದವರೂ ಅವರೇ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕ್ಯಾಸೆಟ್ಟುಗಳು ಅವರ ಕಾರಿನ ಡಿಕ್ಕಿಯಲ್ಲಿ ಸಿಕ್ಕವು.

"ಟೇಪು ಸಿಕ್ತು. ಇನ್ನು ನಂಗೆ ಗೈಡ್ ಯಾರಾಗ್ತೀರಿ?" ಶಮ್ಶುನ್ನೀಸಾ ಸಭೆಯನ್ನೇ ಕೇಳಿದಳು.

ಮುಂದಿನ ಸಾಲಿನ ದೊಡ್ಡ ಪ್ರೊಫೆಸರುಗಳೆಲ್ಲ ನೆಲ ನೋಡಿದರು. ನಾಚಿಕೆಗೇಡು. ಕೊನೆಗೆ ಹಿಂದಿನಿಂದ ಪ್ರೊಫೆಸರ್ ಮೀನಾಕ್ಷಮ್ಮ ಎದ್ದರು.

"ನಾನಿದೀನಿ ಕಣಮ್ಮ. ಮೊದ್ಲು ಮಹಬೂಬ್ ಬಿ ಮನೇಲಿ ಟೀ ಕುಡಿಯೋಣ, ನಡಿ."