ಐವಿಂದ್ ಬಚ್ಚಿಟ್ಟ ಹಾಳೆ

ಐವಿಂದ್ ಹಾಳೆಯೊಂದನ್ನು ಮೆಲ್ಲಗೆ ಕೋಟಿನೊಳಗೆ ಸೇರಿಸಿದ್ದನ್ನು ಆಸ್ಲಾಗ್ ಕಂಡುಬಿಟ್ಟಳು.

ನಾರ್ವೆಯ ಆ ಕಣಿವೆಯೂರಿನ ಚರ್ಚಿನ ದಾಖಲೆ ಕೋಣೆಯಲ್ಲಿ ಮೂರು ವಾರದಿಂದ ಇಬ್ಬರದೂ ಒಂದೇ ಮೇಜು. ಅವಳು ಹುಡುಕುತ್ತಿದ್ದದ್ದು ಮುತ್ತಜ್ಜನ ಅಜ್ಜ ಓಲಾವ್‌ನ ಸಾವಿನ ವಿವರ. 1868ರಲ್ಲಿ ಮದುವೆಮನೆಯೊಂದರಲ್ಲಿ ಅವನ ಹೊಟ್ಟೆಗೆ ಚಾಕು ಹಾಕಿದವನು ತ್ವೇಟ್ ಮನೆಯ ನಿಲ್ಸ್ ಎಂದೇ ಅವಳ ಮನೆಯವರ ನಂಬಿಕೆ. ಆ ನಿಲ್ಸ್‌ನ ತಮ್ಮನ ವಂಶದವನು ಈ ಐವಿಂದ್. ಹಳೆಯ ಕೈಬರಹ ಓದಲು ಅವಳಿಗೆ ಕಲಿಸಿದವನೂ ಅವನೇ. ಅಕ್ಷರ ತೋರಿಸುವ ಬೆರಳು ಅವಳ ಬೆರಳಿನ ಪಕ್ಕ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅವಳೂ ಬೇಕೆಂದೇ ತಪ್ಪು ಓದುತ್ತಿದ್ದಳು.

"ಕೊಡು ಅದನ್ನ."

"ಯಾವುದನ್ನ?"

"ನಿಮ್ಮನೆ ಮರ್ಯಾದೆ ಉಳಿಸ್ಕೊಳ್ಳೋಕೆ ಕದ್ದೆಯಲ್ಲ, ಅದನ್ನ."

ಅವನು ಕಣ್ಣು ತಗ್ಗಿಸಿದ. "ಓದಬೇಡ ಆಸ್ಲಾಗ್. ತಡ್ಕೊಳ್ಳೋಕಾಗಲ್ಲ ನಿನಗೆ."

ಅವಳನ್ನು ಕರೆದೊಯ್ಯಲು ಬಂದಿದ್ದ ಅಣ್ಣ ತೊರ್ಗೈರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಕೊಲೆಗಡುಕರ ವಂಶ, ಕಳ್ಳತನ ಬೇರೆ" ಎನ್ನುತ್ತ ನುಗ್ಗಿದವನೇ ಐವಿಂದ್‌ನ ಮುಖಕ್ಕೆ ಗುದ್ದಿದ. ಕುರ್ಚಿ ಮಗುಚಿತು. ಬಿದ್ದವನ ಪಕ್ಕೆಗೆ ಬೂಟುಗಾಲಲ್ಲಿ ಒದ್ದ, ಮತ್ತೆ ಒದ್ದ. ಐವಿಂದ್ ತಿರುಗಿ ಹೊಡೆಯಲಿಲ್ಲ. ಎರಡೂ ಕೈಯಲ್ಲಿ ಕೋಟನ್ನು ಅವುಚಿಕೊಂಡಿದ್ದ. ಆಸ್ಲಾಗ್ ಅಣ್ಣನನ್ನು ಗೋಡೆಗೆ ತಳ್ಳಿ ಹಾಳೆ ಕಿತ್ತುಕೊಂಡಳು.

ಓಲಾವ್‌ನ ಹೆಂಡತಿ ಗುನ್‌ಹಿಲ್ಡ್ ಸಾಯುವ ಮುನ್ನ ಹೇಳಿದ್ದನ್ನು ಪಾದ್ರಿ ಬರೆದಿಟ್ಟಿದ್ದ. ಆಸ್ಲಾಗ್ ಗಟ್ಟಿಯಾಗಿ ಓದಿದಳು: "ಗಂಡ ಕೊಡಲಿಯ ಹಿಡಿಯಿಂದ ನನ್ನ ಮೂರು ಪಕ್ಕೆಲುಬು ಮುರಿದಿದ್ದ. ಮದುವೆಮನೆಯ ಕೊಟ್ಟಿಗೆಯ ಹಿಂದೆ ಕತ್ತು ಹಿಸುಕಿದಾಗ ಅವನ ಸೊಂಟದ ಚಾಕುವನ್ನೇ ಎಳೆದು ಇರಿದೆ. ಓಡಿಬಂದ ನಿಲ್ಸ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ನಿನಗೆ ಮಕ್ಕಳಿದ್ದಾರೆ, ಒಳಗೆ ಹೋಗು ಅಂದ. ಕೊಲೆ ತನ್ನದೆಂದು ಒಪ್ಪಿಕೊಂಡು ಜೈಲಿನಲ್ಲೇ ಸತ್ತ."

ತೊರ್ಗೈರ್ ತನ್ನ ಗೆಣ್ಣುಗಳ ಮೇಲಿನ ರಕ್ತ ನೋಡಿಕೊಳ್ಳುತ್ತ ಹೊರಗೆ ಹೋದ.

ಆಸ್ಲಾಗ್ ಮೊಣಕಾಲೂರಿ ಐವಿಂದ್‌ನ ಒಡೆದ ತುಟಿಗೆ ತನ್ನ ಸ್ಕಾರ್ಫ್ ಒತ್ತಿದಳು. "ಇಷ್ಟು ವರ್ಷ ನಿಮ್ಮನ್ನ ಕೊಲೆಗಡುಕರು ಅಂದ್ವಿ. ಇದನ್ನ ತೋರಿಸಿದ್ರೆ ಸಾಕಿತ್ತು. ಯಾಕೆ ಬಚ್ಚಿಟ್ಟೆ?"

"ಗುನ್‌ಹಿಲ್ಡ್ ಒಬ್ಬಳೇ ಮಕ್ಕಳನ್ನ ಸಾಕಿದ್ಳು ಅಂತ ಹೇಳೋವಾಗ ನಿನ್ನ ಮುಖ ಅರಳ್ತಿತ್ತು. ಅದನ್ನ ಕೆಡಿಸೋಕೆ ಮನಸ್ಸಾಗಲಿಲ್ಲ."

"ನಿಲ್ಸ್ ಥರಾನೇ ದಡ್ಡ ನೀನು."

"ಅವನೂ ಪ್ರೀತಿಸಿದ್ದ ಅನ್ಸುತ್ತೆ." ನಗಲು ಹೋಗಿ ಪಕ್ಕೆ ಹಿಡಿದುಕೊಂಡ.

'ಅವನೂ' ಎಂಬ ಮಾತಿಗೆ ಅವಳ ಕಣ್ಣು ತುಂಬಿತು. "ನನಗೋಸ್ಕರ ಏಟು ತಿನ್ನೋ ಗಂಡಸು ಬೇಡ ನನಗೆ. ಜೊತೆಗಿರೋನು ಬೇಕು. ಇರ್ತೀಯಾ?"

"ಇರ್ತೀನಿ."

ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ತೊರ್ಗೈರ್ ಟ್ರಕ್ಕಿನ ಬಾಗಿಲು ತೆರೆದು ಹಿಡಿದ.

"ಆಸ್ಪತ್ರೆಗೆ ನಡಿ" ಎಂದಳು, ಐವಿಂದ್‌ನನ್ನು ಬಿಡದೆ.